ತಗ್ಗಿಸಿದ ಕಾರಿಗೆ ಯಾವ ಸ್ಪ್ರಿಂಗ್, ಯಾವ ಶಾಕ್?

ಪ್ರಶ್ನೆ: ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಆಡಿ ಟಿಟಿ ಕಾರು ತಂದಿದ್ದೇನೆ. ಹಿಂದಿನ ಮಾಲೀಕರು ಗಿಡ್ಡ ಸ್ಪ್ರಿಂಗ್ ಹಾಕಿಸಿ ಕಾರನ್ನು ತಗ್ಗಿಸಿದ್ದಾರೆ. ಶಾಕ್ ಅಬ್ಸಾರ್ಬರ್‌ಗಳು ಮಾತ್ರ ಕಂಪನಿಯವೇ. ಆಗುಂಬೆ ಕಡೆ ಹೋಗುವಾಗ ರಸ್ತೆಯ ಪ್ರತಿ ಉಬ್ಬಿಗೂ (ಹಂಪ್) ಧಡ್ ಎಂದು ಬಡಿಯುತ್ತದೆ. ಈಗ ಹಿಂದಿನ ಎಡಗಡೆಯ ಶಾಕ್‌ನಿಂದ ಆಯಿಲ್ ಸೋರುತ್ತಿದೆ. ಅದೊಂದನ್ನೇ ಬದಲಿಸಿದರೆ ಸಾಕು ಎನ್ನುತ್ತಾರೆ ಗ್ಯಾರೇಜಿನವರು. ಸ್ಪ್ರಿಂಗ್, ಶಾಕ್ ಸೆಟ್ ಆಗಿ ಬರುವ, ಎತ್ತರ ಹೊಂದಿಸಬಹುದಾದ ಕಾಯಿಲೋವರ್ ಹಾಕಿಸು ಎನ್ನುತ್ತಾನೆ ಗೆಳೆಯ. ಕಾರಿನ ಅಂದವೂ ಕೆಡಬಾರದು. ಏನು ಮಾಡಲಿ?
– ಓದುಗರು, ತೀರ್ಥಹಳ್ಳಿ

ಉತ್ತರ: ಎರಡೂ ಬೇಡ. ಸ್ಪ್ರಿಂಗ್ ಗಿಡ್ಡವಾದಷ್ಟೂ ಶಾಕ್‌ನ ರಾಡು ಕಾರು ನಿಂತಲ್ಲೇ ಒಳಗೆ ಇಳಿದು ಕುಳಿತಿರುತ್ತದೆ. ಮೂಲ ಎತ್ತರದಲ್ಲಿ ಬಂಪ್ ಸ್ಟಾಪ್ (ಶಾಕ್ ಪೂರ್ತಿ ಒಳಗಿಳಿದಾಗ ಪೆಟ್ಟು ತಡೆಯುವ ರಬ್ಬರ್ ತುಂಡು) ತಾಗುವ ಮೊದಲು 60 ಮಿಲಿಮೀಟರ್ ಜಾಗವಿತ್ತು ಎಂದಿಟ್ಟುಕೊಳ್ಳಿ. ಕಾರನ್ನು 35 ಮಿಲಿಮೀಟರ್ ತಗ್ಗಿಸಿದರೆ ಉಳಿಯುವುದು 25 ಮಾತ್ರ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಲ್ಲಿ ಹಂಪಿನ ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್ ಇದ್ದು, ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಅದನ್ನು ದಾಟಬಹುದು; ನಮ್ಮ ಊರುಗಳ ಮುಂದೆ ರಾತ್ರೋರಾತ್ರಿ ಏಳುವ ಹಂಪುಗಳು ಆ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಈ ಸ್ಥಿತಿಯಲ್ಲಿ ಹೊಸ ಶಾಕ್ ಒಂದನ್ನೇ ಹಾಕಿದರೆ ಅದೂ ಅದೇ ಪೆಟ್ಟು ತಿನ್ನುತ್ತದೆ. ಸಾಲದ್ದಕ್ಕೆ, ಒಂದು ಗಾಲಿಯ ಬಳಿ ಹೊಸದು, ಇನ್ನೊಂದರ ಬಳಿ ಹಳೆಯದು ಇದ್ದರೆ ಕಾರಿನ ಓಲಾಟ ಎರಡೂ ಕಡೆ ಒಂದೇ ರೀತಿ ಅಡಗುವುದಿಲ್ಲ. ಶಾಕ್‌ಗಳನ್ನು ಯಾವಾಗಲೂ ಜೋಡಿಯಾಗಿಯೇ ಬದಲಿಸಬೇಕು.

ಖರೀದಿಗೆ ಮೊದಲು ಒಂದು ಪರೀಕ್ಷೆ ಮಾಡಿ. ನಿಮ್ಮ ಕಾರಿನ ಹಿಂಬದಿಯಲ್ಲಿ ಸ್ಪ್ರಿಂಗ್ ಮತ್ತು ಶಾಕ್ ಬೇರೆ ಬೇರೆ ಕುಳಿತಿರುವುದರಿಂದ ಕೆಲಸ ಸುಲಭ: ಧೂಳಿನ ರಬ್ಬರನ್ನು ಮೇಲೆ ಸರಿಸಿ, ಶಾಕ್‌ನ ಹೊಳೆಯುವ ರಾಡಿಗೆ ಒಂದು ಪ್ಲಾಸ್ಟಿಕ್ ಟೈ ಬಿಗಿದು, ಅದನ್ನು ಶಾಕ್‌ನ ಮೈಗೆ ತಾಗುವಷ್ಟು ಕೆಳಗೆ ಇಳಿಸಿ, ಇಬ್ಬರು ಕುಳಿತು ದಿನನಿತ್ಯದ ರಸ್ತೆಯಲ್ಲಿ ಓಡಾಡಿ ಬನ್ನಿ. ಟೈ ಬಂಪ್ ಸ್ಟಾಪಿನವರೆಗೂ ತಳ್ಳಿಹೋಗಿದ್ದರೆ ಧಡ್ ಸದ್ದಿನ ಮೂಲ ಸಿಕ್ಕಿತು. ಬಳಿಕ ಕಾರನ್ನು ಜಾಕಿಯ ಮೇಲೆ ಎತ್ತಿ ಸ್ಪ್ರಿಂಗನ್ನು ಕೈಯಿಂದ ತಿರುಗಿಸಿ ನೋಡಿ. ತಿರುಗಿದರೆ, ಘಾಟಿಯ ತಿರುವಿನಲ್ಲಿ ಒಂದು ಚಕ್ರ ಗುಂಡಿಗೆ ಇಳಿದು ನೇತಾಡುವಾಗ ಸ್ಪ್ರಿಂಗ್ ತನ್ನ ಪೀಠದಲ್ಲಿ ಸಡಿಲವಾಗುತ್ತದೆ ಎಂದರ್ಥ. ಇದು ಸದ್ದಿಗಿಂತ ಅಪಾಯದ ಸಂಗತಿ.

ನನ್ನ ಆಯ್ಕೆ ಕೇಳಿದರೆ, 20ರಿಂದ 25 ಮಿಲಿಮೀಟರ್ ಮಾತ್ರ ತಗ್ಗಿಸುವ ಸ್ಪ್ರಿಂಗ್, ಜೊತೆಗೆ ಆ ಎತ್ತರಕ್ಕೆಂದೇ ಗಿಡ್ಡಗೊಳಿಸಿದ ಶಾಕ್. ಬಿಲ್‌ಸ್ಟೈನ್ ಕಂಪನಿಯ ಶಾಕ್‌ಗಳಲ್ಲಿ ಬಿ6 ಮೂಲ ಎತ್ತರದ ಸ್ಪ್ರಿಂಗಿಗೆ, ಬಿ8 ತಗ್ಗಿಸಿದ ಸ್ಪ್ರಿಂಗಿಗೆ; ಅಂಗಡಿಯಲ್ಲಿ ಇವೆರಡನ್ನು ಅದಲುಬದಲು ಮಾಡಿ ಕೊಟ್ಟಾರು, ಪಾರ್ಟ್ ನಂಬರ್ ನೋಡಿಯೇ ಕೊಳ್ಳಿ. ಸ್ಪ್ರಿಂಗಿನ ಬಿಗಿ ಶೇಕಡಾ 30 ಹೆಚ್ಚಿದರೆ ಓಲಾಟ ತಡೆಯುವ ಶಾಕ್‌ನ ಹಿಡಿತವೂ ಸುಮಾರು ಶೇಕಡಾ 14ರಷ್ಟು ಹೆಚ್ಚಬೇಕು, ಇಲ್ಲದಿದ್ದರೆ ಹಂಪು ದಾಟಿದ ಮೇಲೂ ಕಾರಿನ ಹಿಂಭಾಗ ತೂಗುತ್ತಲೇ ಇರುತ್ತದೆ. ಇನ್ನೂ ತಗ್ಗಿದರೆ ಇನ್ನೂ ಚೆನ್ನಾಗಿ ತಿರುಗುತ್ತದೆ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ: ಮುಂಭಾಗದ ಮ್ಯಾಕ್‌ಫರ್ಸನ್ ಸ್ಟ್ರಟ್‌ನಲ್ಲಿ (ಸ್ಪ್ರಿಂಗ್, ಶಾಕ್ ಒಂದೇ ಕಂಬವಾಗಿರುವ ಜೋಡಣೆ) ಕಾರಿನ ತೂಕದ ಕೇಂದ್ರ ಇಳಿಯುವುದಕ್ಕಿಂತ ಹೆಚ್ಚಾಗಿ ಅದು ವಾಲುವ ಕೇಂದ್ರ ಇಳಿಯುತ್ತದೆ, ಆದ್ದರಿಂದ ಸ್ಪ್ರಿಂಗ್ ಸಾಕಷ್ಟು ಬಿಗಿಯಿಲ್ಲದಿದ್ದರೆ ಆಗುಂಬೆಯ ಹೇರ್‌ಪಿನ್‌ಗಳಲ್ಲಿ ಕಾರು ಮೊದಲಿಗಿಂತ ಹೆಚ್ಚೇ ವಾಲೀತು.

ಕಾಯಿಲೋವರ್ ಒಳ್ಳೆಯ ವಸ್ತುವೇ, ಆದರೆ ಮಲೆನಾಡಿಗೆ ಅಲ್ಲ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ರಸ್ತೆಯಲ್ಲಿ ಕೆಮ್ಮಣ್ಣು ಅದರ ಥ್ರೆಡ್‌ನಲ್ಲಿ ಕೂತು ಗಟ್ಟಿಯಾದರೆ, ಎತ್ತರ ಹೊಂದಿಸುವ ರಿಂಗು ತಿರುಗುವುದೇ ಇಲ್ಲ. ಸ್ಟೇನ್‌ಲೆಸ್ ಸ್ಟೀಲಿನವು ತಡೆಯುತ್ತವೆ. ಬೆಲೆ ಕೇಳಿದ ಮೇಲೆ ನೀವೇ ತೀರ್ಮಾನಿಸಿ.

ನಿಮ್ಮ ಕಾರಿನಲ್ಲಿ ಮ್ಯಾಗ್ನೆಟಿಕ್ ರೈಡ್ (ಶಾಕ್‌ನ ಬಿಗಿಯನ್ನು ವಿದ್ಯುತ್ತಿನಿಂದ ಬದಲಿಸುವ ವ್ಯವಸ್ಥೆ) ಇದೆಯೇ ಎಂದೂ ನೋಡಿಕೊಳ್ಳಿ. ಶಾಕ್‌ಗೆ ವಿದ್ಯುತ್ ತಂತಿ ಬಂದು ಸೇರಿದ್ದರೆ ಇದೆ ಎಂದರ್ಥ. ಅಲ್ಲಿ ಸಾಮಾನ್ಯ ಶಾಕ್ ಹಾಕಿದರೆ ಡ್ಯಾಶ್‌ಬೋರ್ಡಿನಲ್ಲಿ ದೋಷದ ದೀಪ ಉರಿಯಬಹುದು. ಬಿಚ್ಚಿದ ಮೇಲೆ ಮುಂಭಾಗದ ಟಾಪ್ ಮೌಂಟಿಂಗ್ (ಸ್ಟ್ರಟ್‌ನ ತಲೆಯನ್ನು ಕಾರಿನ ಬಾಡಿಗೆ ಕೂರಿಸುವ ಭಾಗ), ಬೇರಿಂಗ್, ಬಂಪ್ ಸ್ಟಾಪ್‌ಗಳನ್ನು ಹೊಸದಾಗಿಯೇ ಹಾಕಿಸಿ. ಚಕ್ರವನ್ನು ಕಾರಿಗೆ ಜೋಡಿಸುವ ಆರ್ಮ್‌ಗಳ ರಬ್ಬರ್ ಬುಷ್‌ಗಳ ಬೋಲ್ಟುಗಳನ್ನು ಕಾರಿನ ತೂಕ ಚಕ್ರಗಳ ಮೇಲೆ ಬಿದ್ದ ಬಳಿಕವೇ ಕೊನೆಯದಾಗಿ ಬಿಗಿಯಬೇಕು. ಚಕ್ರ ನೇತಾಡುತ್ತಿರುವಾಗಲೇ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ. ಅವಸರದ ಗ್ಯಾರೇಜುಗಳಲ್ಲಿ ತಪ್ಪುವುದು ಇದೇ, ಎದುರಿಗೆ ನಿಂತು ಮಾಡಿಸಿ. ಆಮೇಲೆ ವ್ಹೀಲ್ ಅಲೈನ್‌ಮೆಂಟ್ ಆಗಲೇಬೇಕು. ಬದಲಾವಣೆಯನ್ನು ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ.

ಪ್ರಶ್ನೆ: ತಗ್ಗಿಸಿದ ಕಾರಿನ ಅಡಿಭಾಗ ತಾಗದಂತೆ ಸ್ಪ್ರಿಂಗ್ ಸುರುಳಿಗಳ ನಡುವೆ ರಬ್ಬರ್ ಬಫರ್ ಸಿಕ್ಕಿಸಬಹುದೇ?
– ಓದುಗರು, ಸಾಗರ

ಉತ್ತರ: ಹೊಸ ಸ್ಪ್ರಿಂಗ್ ಬರುವವರೆಗೆ ಅಡ್ಡಿಯಿಲ್ಲ, ಕಾಯಂ ಆಗಿ ಬೇಡ. ರಬ್ಬರ್ ಹಿಡಿದಿಟ್ಟ ಸುರುಳಿ ಕೆಲಸ ಮಾಡದೆ ಉಳಿದವುಗಳ ಮೇಲೆ ಭಾರ ಬೀಳುತ್ತದೆ. ಮಳೆಗಾಲದಲ್ಲಿ ಅದರಡಿ ನಿಂತ ಕೆಸರು ಬಣ್ಣ ಕಿತ್ತು ತುಕ್ಕು ಹಿಡಿಸುತ್ತದೆ, ತುಕ್ಕು ಹಿಡಿದಲ್ಲೇ ಸ್ಪ್ರಿಂಗ್ ಮುರಿಯುತ್ತದೆ. ಈಗಾಗಲೇ ಹಾಕಿಸಿದ್ದರೆ ಬಿಚ್ಚಿಸಿ, ಆ ಜಾಗವನ್ನು ತಂತಿ ಬ್ರಶ್ಶಿನಿಂದ ಉಜ್ಜಿ ನೋಡಿ.