ಇಂಗ್ಲೆಂಡಿಗೆ ಹೊರಟಿರುವ ಬಾಗಲಕೋಟೆಯ ನರ್ಸ್ ಒಬ್ಬರಿಗೆ ಉತ್ತರ

ಬಾಗಲಕೋಟೆಯಲ್ಲಿ ಬಿ.ಎಸ್‌ಸಿ. ನರ್ಸಿಂಗ್ ಮುಗಿಸಿ, ಅಲ್ಲಿಯೇ ವಾರ್ಡಿನಲ್ಲಿ ದುಡಿಯುತ್ತ, ಈಗ ಇಂಗ್ಲೆಂಡಿಗೆ ಹೊರಡುವ ಸಿದ್ಧತೆಯಲ್ಲಿರುವ ನೀವು ಎರಡು ಪ್ರಶ್ನೆ ಕೇಳಿದ್ದೀರಿ: ವೈದ್ಯರು ಹೇಳಿದಂತೆ ಮಾಡಿದರೂ ತಪ್ಪಿನ ಹೊಣೆ ನರ್ಸ್ ಮೇಲೆ ಬರುತ್ತದೆಯೇ? ರೋಗಿಯ ಹಕ್ಕಿನ ವಿಷಯದಲ್ಲಿ ಇಂಗ್ಲೆಂಡಿನಲ್ಲಿ ಇಷ್ಟೊಂದು ಕಟ್ಟುನಿಟ್ಟು ಏಕೆ? ಬೆಳಗಾವಿಯಲ್ಲಿ ಕೆಲಸ ಕಲಿತು ಇಲ್ಲಿ ನೆಲೆಸಿದವಳಾಗಿ ನಾನು ಎರಡನೆಯದನ್ನೇ ಮೊದಲು ಎತ್ತಿಕೊಳ್ಳುತ್ತೇನೆ.

ನಮ್ಮ ಕಡೆಯ ವಾರ್ಡುಗಳಲ್ಲಿ ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರಕ್ಕೆ ಗಂಡನೋ ಹಿರಿಯ ಮಗನೋ ಸಹಿ ಹಾಕುವುದು, ಕ್ಯಾನ್ಸರ್ ಎಂದು ಗೊತ್ತಾದಾಗ "ಅವ್ವಗ ಮಾತ್ರ ಹೇಳಬ್ಯಾಡ್ರಿ ಸಿಸ್ಟರ್" ಎಂದು ಮನೆಯವರು ಬೇಡಿಕೊಳ್ಳುವುದು ನಿಮಗೆ ಹೊಸದಲ್ಲ. ಅದರ ಹಿಂದಿನ ಪ್ರೀತಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜಾರಿಯಲ್ಲಿರುವ 2005ರ ಮೆಂಟಲ್ ಕೆಪ್ಯಾಸಿಟಿ ಕಾಯ್ದೆಯ ಪ್ರಕಾರ, 16 ವರ್ಷ ತುಂಬಿದ ಪ್ರತಿಯೊಬ್ಬರಿಗೂ ತಮ್ಮ ವಿಷಯವನ್ನು ತಾವೇ ನಿರ್ಧರಿಸುವ ಸಾಮರ್ಥ್ಯವಿದೆ ಎಂದು ಭಾವಿಸಿಯೇ ನಾವು ಆರಂಭಿಸಬೇಕು. ರೋಗಿಯ ನಿರ್ಧಾರ ನಮಗೆ ಅವಿವೇಕವೆನಿಸಿದ ಮಾತ್ರಕ್ಕೆ ಆ ಸಾಮರ್ಥ್ಯ ಇಲ್ಲವೆನ್ನುವಂತಿಲ್ಲ. ಆರೋಗ್ಯ ವಿಷಯದ ಲಾಸ್ಟಿಂಗ್ ಪವರ್ ಆಫ್ ಅಟಾರ್ನಿ (ಮುಂದೆ ತನ್ನ ಪರವಾಗಿ ನಿರ್ಧರಿಸಲು ರೋಗಿಯೇ ಮೊದಲು ಬರೆದುಕೊಟ್ಟ ಅಧಿಕಾರ ಪತ್ರ) ಅಥವಾ ನ್ಯಾಯಾಲಯದ ನೇಮಕ ಇಲ್ಲದಿದ್ದರೆ, ವಯಸ್ಕ ರೋಗಿಯ ಪರವಾಗಿ ಒಪ್ಪಿಗೆ ಕೊಡುವ ಅಧಿಕಾರ ಮಗನಿಗೂ ಇಲ್ಲ, ಗಂಡನಿಗೂ ಇಲ್ಲ. ರೋಗಿಗೆ ನಿರ್ಧರಿಸಲು ಆಗದಿದ್ದಾಗ ಕುಟುಂಬವನ್ನು ಕೇಳುತ್ತೇವೆ, ಆದರೆ ಅಪ್ಪಣೆಗಾಗಿ ಅಲ್ಲ, ಆ ವ್ಯಕ್ತಿ ಏನನ್ನು ಬಯಸುತ್ತಿದ್ದರು ಎಂದು ತಿಳಿಯಲು.

ಇದನ್ನು ಪರದೇಶದ ಕಟ್ಟಳೆ ಎಂದುಕೊಳ್ಳಬೇಡಿ. ಸಮೀರಾ ಕೊಹ್ಲಿ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ 2008ರಲ್ಲೇ ಇದನ್ನು ಸ್ಪಷ್ಟಪಡಿಸಿದೆ: ತಪಾಸಣೆಗೆಂದು ಅರಿವಳಿಕೆ ಪಡೆದಿದ್ದ ಮಹಿಳೆಯ ಗರ್ಭಕೋಶವನ್ನು ತಾಯಿಯ ಒಪ್ಪಿಗೆಯ ಮೇಲೆ ತೆಗೆದದ್ದು, ತುರ್ತು ಸ್ಥಿತಿ ಇರದಿದ್ದ ಕಾರಣ, ಕಾನೂನುಸಮ್ಮತವಲ್ಲವೆಂದು ಅದು ತೀರ್ಪು ನೀಡಿತು. ಕಾನೂನು ಎರಡೂ ಕಡೆ ಹತ್ತಿರವೇ ಇದೆ, ದೂರವಿರುವುದು ರೂಢಿ. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2015ರ ಮಾಂಟ್‌ಗೊಮೆರಿ ತೀರ್ಪಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ರೋಗಿಯ ಸ್ಥಾನದಲ್ಲಿರುವವರಿಗೆ ಮಹತ್ವದ್ದೆನಿಸುವ ಅಪಾಯವನ್ನು ತಿಳಿಸಲೇಬೇಕೆಂದು ಹೇಳಿತು. ಆದ್ದರಿಂದ ಸಹಿ ಹಾಕಿದ ರೋಗಿ "ನನಗೆ ಏನು ಮಾಡುತ್ತಾರೆ?" ಎಂದು ನಿಮ್ಮನ್ನು ಕೇಳಿದರೆ, ಸಮಾಧಾನದ ಮಾತು ಹೇಳಿ ಶಸ್ತ್ರಚಿಕಿತ್ಸಾ ಕೊಠಡಿಗೆ ಕಳುಹಿಸಬೇಡಿ, ವೈದ್ಯರನ್ನು ಮತ್ತೆ ಕರೆಯಿಸಿ.

ಇನ್ನು ಹೊಣೆಯ ಪ್ರಶ್ನೆ. ಹೌದು, ಬರುತ್ತದೆ. ಪೆನಿಸಿಲಿನ್ ಅಲರ್ಜಿ ಇರುವವರಿಗೆ ವೈದ್ಯರು ಪೆನಿಸಿಲಿನ್ ವರ್ಗದ್ದೇ ಆದ ಅಮಾಕ್ಸಿಸಿಲಿನ್ ಬರೆದರೆ ಬರೆದ ಹೊಣೆ ಅವರದು, ನೋಡದೆ ಕೊಟ್ಟ ಹೊಣೆ ನಿಮ್ಮದು. ಹಿರಿಯ ವೈದ್ಯರಿಗೆ ಎದುರಾಡಬಾರದೆಂದು ಬೆಳೆದ ನಮಗೆ ಇದು ಕಷ್ಟ, ಆದರೂ ಸಂದೇಹವಿದ್ದಾಗ ಔಷಧಿಯನ್ನು ತಡೆಹಿಡಿದು ಕೇಳುವುದು ಇಲ್ಲಿ ಉದ್ಧಟತನವಲ್ಲ, ಕರ್ತವ್ಯ. ಇಲ್ಲಿ ನರ್ಸ್‌ಗಳನ್ನು ನೋಂದಾಯಿಸಿ ನಿಯಂತ್ರಿಸುವ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್‌ನ ಸಂಹಿತೆ ಇದನ್ನೇ ಬಯಸುತ್ತದೆ. ಬರುವ ಮೊದಲು ಅದನ್ನು ಪೂರ್ತಿ ಓದಿಕೊಳ್ಳಿ, ಅದೇನೂ ದೊಡ್ಡ ಪುಸ್ತಕವಲ್ಲ.

ಒಂದು ತಪ್ಪಾದರೆ ಪಿನ್ (ಕೌನ್ಸಿಲ್‌ನ ನೋಂದಣಿ ಸಂಖ್ಯೆ) ಹೋಗುತ್ತದೆ ಎಂಬ ಭಯ ನಮ್ಮವರಲ್ಲಿ ಅತಿಯಾಗಿದೆ, ಮತ್ತು ಆ ಭಯವೇ ಅಪಾಯಕಾರಿ ಎಂದು ನಾನು ನಂಬಿದ್ದೇನೆ. ಕೂಡಲೇ ಒಪ್ಪಿಕೊಂಡು ವರದಿ ಮಾಡಿದ ಪ್ರಾಮಾಣಿಕ ತಪ್ಪು ಸಾಮಾನ್ಯವಾಗಿ ತರಬೇತಿ, ಮೇಲ್ವಿಚಾರಣೆಗಳಲ್ಲಿ ಮುಗಿಯುತ್ತದೆ. ಅದನ್ನು ಮುಚ್ಚಿಡಲು ಚಾರ್ಟ್ ತಿದ್ದಿದರೆ, ನೋಡದ ಬಿ.ಪಿ.ಯನ್ನು ನೋಡಿದಂತೆ ಬರೆದರೆ, ಅದು ಅಪ್ರಾಮಾಣಿಕತೆಯ ಆರೋಪವಾಗಿ ನೋಂದಣಿಗೇ ಕುತ್ತು ತರಬಲ್ಲದು. ರೋಗಿಗೆ ಹಾನಿಯಾದಾಗ ಅದನ್ನು ಅವರಿಗೇ ತಿಳಿಸಿ ಕ್ಷಮೆ ಕೇಳುವುದು ಸಂಹಿತೆಯ ಪ್ರಕಾರ ನಿಮ್ಮ ಕರ್ತವ್ಯ. ಗಂಭೀರ ಹಾನಿಯಾದಾಗ ಇದು ಆಸ್ಪತ್ರೆಗಳ ಮೇಲಿನ ಕಾನೂನುಬದ್ಧ ಹೊಣೆಯೂ ಹೌದು.

ವಾರ್ಡಿನ ಫೋಟೊ, ರೋಗಿಯ ಸುದ್ದಿ ಯಾವುದನ್ನೂ ಊರಿನ ಗೆಳತಿಯರ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ, ಹೆಸರು ಮರೆಮಾಡಿದ್ದರೂ ಸಹ. ರೋಗಿ ನಷ್ಟ ಪರಿಹಾರ ಕೇಳಿದರೆ ಅದರಿಂದ ರಕ್ಷಣೆಯನ್ನು ಎನ್‌ಎಚ್‌ಎಸ್ (ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ) ಉದ್ಯೋಗದಾತರು ಒದಗಿಸುತ್ತಾರೆ, ಆದರೆ ಕೌನ್ಸಿಲ್ ವಿಚಾರಣೆಗೆ ಕರೆದರೆ ನಿಮ್ಮ ಪರ ವಾದಿಸುವುದು ಅದರಲ್ಲಿ ಸೇರಿಲ್ಲ. ಅದಕ್ಕಾಗಿ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ರಾಯಲ್ ಕಾಲೇಜ್ ಆಫ್ ನರ್ಸಿಂಗ್ ಅಥವಾ ಯುನಿಸನ್ ಎಂಬ ನೌಕರರ ಸಂಘದ ಸದಸ್ಯತ್ವ ಪಡೆಯಿರಿ. ತೊಂದರೆ ಎದುರಾದ ಮೇಲೆ ಸೇರಿದರೆ ಹಿಂದಿನ ಪ್ರಕರಣಕ್ಕೆ ಅವರ ನೆರವು ದೊರೆಯುವುದು ಕಷ್ಟ.