ಗಾಂಜಾ ಮೊದಲೋ, ದನಿ ಮೊದಲೋ?

'ನನ್ನ ತಮ್ಮನಿಗೆ ಗಾಂಜಾ ಚಟ. ಯಾರೋ ಬೈಯುವ ದನಿ ಕೇಳುತ್ತದೆ ಎನ್ನುತ್ತಾನೆ. ಚಟ ಬಿಡಿಸುವ ಕೇಂದ್ರದವರು, ಇದು ಮಾನಸಿಕ ಕೇಸು, ನಮಗಾಗಲ್ಲ ಅಂದರು. ಮನೋವೈದ್ಯರು, ಮೊದಲು ಗಾಂಜಾ ಬಿಡಿಸಿಕೊಂಡು ಬನ್ನಿ ಅಂದರು. ಅಮೆರಿಕದ ಡ್ರಗ್ ಕೋರ್ಟ್‌ಗಳಲ್ಲಿ ಎರಡಕ್ಕೂ ಒಟ್ಟಿಗೇ ಚಿಕಿತ್ಸೆ ಕೊಡಿಸುತ್ತಾರಂತೆ, ನಿಜವೇ?'
– ಓದುಗರೊಬ್ಬರು, ಹಾಸನ

ನಿಜ. ಆದರೆ ಎಲ್ಲ ಕಡೆಯೂ ಅಲ್ಲ. ಅವರಿಗೂ ಅದು ತಡವಾಗಿ ಹೊಳೆದದ್ದು.

ಮೊದಲ ಡ್ರಗ್ ಕೋರ್ಟ್ ಶುರುವಾದದ್ದು 1989ರಲ್ಲಿ, ಫ್ಲಾರಿಡಾದ ಮಯಾಮಿಯಲ್ಲಿ. ಕೊಕೇನ್ ಕೇಸುಗಳಿಂದ ಜೈಲು ತುಂಬಿ ತುಳುಕುತ್ತಿದ್ದ ಕಾಲ. ಜೈಲಿನ ಬದಲು ಒಂದು ವರ್ಷವೋ ಇನ್ನೂ ಜಾಸ್ತಿಯೋ ಚಿಕಿತ್ಸೆ, ಆಗಾಗ ಮೂತ್ರ ಪರೀಕ್ಷೆ, ಜಡ್ಜ್ ಮುಂದೆ ಹಾಜರಿ. ಸರಿಯಾಗಿ ನಡೆದುಕೊಂಡರೆ ಕೋರ್ಟಿನಲ್ಲೇ ಚಪ್ಪಾಳೆ. ತಪ್ಪಿದರೆ ಒಂದೆರಡು ದಿನ ಒಳಗೆ.

ಎಡವಟ್ಟಾದದ್ದು ನಿಮ್ಮ ತಮ್ಮನಂಥವರ ವಿಷಯದಲ್ಲಿ. ದನಿ ಅಡಗಲಿ ಅಂತ ಕುಡಿಯುವವನಿಗೆ ಬರೀ ಕುಡಿತ ಬಿಡಿಸಿದರೆ ದನಿ ಮತ್ತೆ ಜೋರಾಗಬಹುದು. ಹೆದರಿ ಮನೆಯಿಂದ ಹೊರಗೇ ಬರುವುದಿಲ್ಲ. ಹಾಜರಿ ತಪ್ಪುತ್ತದೆ. ಜಡ್ಜ್ ಕಣ್ಣಿಗೆ ಅದು ಕೊಬ್ಬು. ಒಳಗೆ ಹಾಕಿದರೆ ತಗೊಳ್ಳುತ್ತಿದ್ದ ಮಾತ್ರೆಯೂ ತಪ್ಪಬಹುದು. ಇಂಥವರನ್ನು ಸೇರಿಸಿಕೊಳ್ಳದ ಕೋರ್ಟುಗಳೂ ಇದ್ದವು. 1997ರಲ್ಲಿ ಅದೇ ಫ್ಲಾರಿಡಾದ ಬ್ರೋವರ್ಡ್ ಕೌಂಟಿಯಲ್ಲಿ ಮಾನಸಿಕ ಆರೋಗ್ಯದ ಕೋರ್ಟೇ ಬೇರೆ ಬಂತು. ಈಗ ಬಾಗಿಲು ಎರಡಾದವು. ಎರಡೂ ಕಾಯಿಲೆ ಇದ್ದವನು ಯಾವುದನ್ನು ತಟ್ಟಬೇಕು? ಹಾಸನದ ಕಥೆಯೇ, ಅಲ್ವಾ!

ಒಳ್ಳೆಯ ಕೋರ್ಟುಗಳಲ್ಲಿ ಈಗ ಶುರುವಿನಲ್ಲೇ ಎರಡನ್ನೂ ತಪಾಸಣೆ ಮಾಡುತ್ತಾರೆ. ಚಿಕಿತ್ಸೆ ಒಂದೇ ತಂಡದ ಕೈಯಲ್ಲಿರುತ್ತದೆ. ಹಾಜರಿ ತಪ್ಪಿದವನನ್ನು ಬೈಯುವ ಮುಂಚೆ ಕಾಯಿಲೆ ಕೆರಳಿತೇ ಎಂದು ನೋಡುತ್ತಾರೆ. ನನಗೆ ಹಿಡಿಸಿದ್ದು ಇದೇ. ಅನುಮಾನವೂ ಇದೆ. ಔಷಧಿಯ ವಿಚಾರದಲ್ಲಿ ಜಡ್ಜ್ ಯಾಕೆ ಬಾಯಿ ಹಾಕಬೇಕು? ಹೆರಾಯಿನ್ ಬಿಡಿಸಲು ಕೊಡುವ ಮೆಥಡೋನನ್ನೇ 'ಅದೂ ಅಮಲು' ಅಂತ ನಿಲ್ಲಿಸಿದ ಕೋರ್ಟುಗಳು ಅಲ್ಲಿದ್ದವು. 2015ರಲ್ಲಿ ಅಲ್ಲಿನ ಕೇಂದ್ರ ಸರ್ಕಾರ, ಹಾಗೆ ಮಾಡುವವರಿಗೆ ನಮ್ಮ ಅನುದಾನವಿಲ್ಲ ಎಂದಿತು.

ನಮ್ಮ ಎನ್‌ಡಿಪಿಎಸ್ (ಮಾದಕವಸ್ತು ತಡೆ ಕಾಯ್ದೆ) ಕೋರ್ಟು ಆ ಜಾತಿಯದಲ್ಲ. ಆದರೂ 1985ರ ಆ ಕಾಯ್ದೆಯಲ್ಲೇ ಸಣ್ಣ ಕಿಂಡಿಯೊಂದಿದೆ. ಸೇದಿದ್ದಕ್ಕೋ ಚೂರುಪಾರು ಇಟ್ಟುಕೊಂಡಿದ್ದಕ್ಕೋ ಸಿಕ್ಕಿಬಿದ್ದ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಸರ್ಕಾರ ಒಪ್ಪಿದ ಆಸ್ಪತ್ರೆಗೆ ಸೇರಿದರೆ ಕಲಂ 64ಎ ಅವನನ್ನು ಕೇಸಿನಿಂದ ಕಾಯುತ್ತದೆ. ಚಿಕಿತ್ಸೆ ಪೂರ್ತಿ ಮಾಡಬೇಕು, ಅಷ್ಟೆ. ಇನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ, ಕುಡಿತ ಮತ್ತು ಡ್ರಗ್ಸ್‌ನಿಂದಾಗುವ ತೊಂದರೆಯನ್ನೂ ಮಾನಸಿಕ ಕಾಯಿಲೆಯ ಲೆಕ್ಕಕ್ಕೇ ಸೇರಿಸಿದೆ. ಹಾಗಿದ್ದಮೇಲೆ 'ಇದು ನಮ್ಮದಲ್ಲ' ಅನ್ನುವ ಮಾತಿಗೆ ಅರ್ಥವೇನು?

ನಿಮ್ಮ ಮನೋವೈದ್ಯರದು ಪೂರ್ತಿ ತಪ್ಪು ಅನ್ನಲಾರೆ. ಗಾಂಜಾದಿಂದಲೂ ದನಿ ಕೇಳಬಹುದು. ಬಿಟ್ಟು ನೋಡದೆ ಯಾವುದು ಮೊದಲು ಅಂತ ಹೇಳುವುದು ಕಷ್ಟ. ಆದರೆ ಅಲ್ಲಿಯತನಕ ಹುಡುಗನನ್ನು ಸುಮ್ನೆ ಮನೆಗೆ ಕಳಿಸಬಾರದಿತ್ತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನದ ವಿಭಾಗ ಮಾನಸಿಕ ಆಸ್ಪತ್ರೆಯ ಒಳಗೇ ಇದೆ. ಅಲ್ಲಿಗೆ ಹೋಗುವ ಮುಂಚೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ದನಿ ಯಾವಾಗ ಶುರುವಾಯಿತು, ಸೇದದ ದಿನಗಳಲ್ಲೂ ಕೇಳುತ್ತದಾ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಜೊತೆಗಿಟ್ಟುಕೊಳ್ಳಿ. ಡಾಕ್ಟರು ಅದನ್ನು ಕೇಳೇ ಕೇಳುತ್ತಾರೆ.