ಗೋಡೌನಿನಲ್ಲಿ ಕವಚ ಹೆಣೆಯುವ ಗಂಡ: ಒಂದು ಆಪ್ತಸಲಹೆ ಪ್ರಕರಣ

ಮೊದಲು ಬಂದವರು ಹೆಂಡತಿ. ವಯಸ್ಸು ಮೂವತ್ತರ ಒಳಗೆ. ಊರು ಕೊಡಗಿನ ಶನಿವಾರಸಂತೆ ಕಡೆ. ಗಂಡ, ಗಂಡನ ಅಣ್ಣ, ಅತ್ತೆ ಎಲ್ಲರೂ ಒಂದೇ ಮನೆ, ಒಂದೇ ಕಾಫಿ ತೋಟ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಬರೆಯುವುದಕ್ಕೆ ಗಂಡ ಹೆಂಡತಿ ಇಬ್ಬರೂ ಒಪ್ಪಿದ್ದಾರೆ.

“ಮೇಡಂ, ನಮ್ಮನೆಯವರು ರಾತ್ರಿ ಊಟ ಆದ್ಮೇಲೆ ಗೋಡೌನಿಗೆ ಹೋಗ್ತಾರೆ. ಕಟಿಂಗ್ ಪ್ಲೇಯರ್ ಹಿಡ್ಕೊಂಡು ತಂತಿ ಬಳೆ ಮಾಡ್ತಾರೆ. ಒಂದು ಗಂಟೆ, ಎರಡು ಗಂಟೆವರೆಗೂ ಅದೇ ಕೆಲಸ. ಮೊನ್ನೆ ಹೋಗಿ ನೋಡಿದ್ರೆ ಕಬ್ಬಿಣದ ಅಂಗಿ ಹಾಕ್ಕೊಂಡು ಮೂಟೆಗಳ ಮಧ್ಯೆ ಒಬ್ರೇ ಓಡಾಡ್ತಾ ಇದ್ರು.”

ಅತ್ತೆ ಆಗಲೇ ತಾಯತ ಕಟ್ಟಿಸಿದ್ದರು. ಭಾವ “ಮೈಸೂರಿಗೆ ಕರ್ಕೊಂಡು ಹೋಗಿ ಮದ್ದು ಕೊಡಿಸಿ” ಎಂದಿದ್ದರು. ಇವರ ಪ್ರಶ್ನೆ ಒಂದೇ. ಇದು ಹುಚ್ಚಾ?

ಗಂಡ ಸುಲಭಕ್ಕೆ ಬರಲಿಲ್ಲ. ಬಂದ ಮೇಲೂ ಕೈಕಟ್ಟಿ ಕೂತಿದ್ದರು. “ನಿಮ್ಮ ಅಂಗಿಗೆ ಎಷ್ಟು ಬಳೆ ಬೇಕು?” ಎಂದು ಕೇಳಿದೆ. ಆಮೇಲೆ ಅವರನ್ನು ನಿಲ್ಲಿಸುವುದೇ ಕಷ್ಟವಾಯ್ತು. ಜಿಐ ತಂತಿಯನ್ನು ಸರಳಿಗೆ ಸುತ್ತಬೇಕು, ಸ್ಪ್ರಿಂಗಿನ ಹಾಗೆ. ಅದನ್ನು ಒಂದೊಂದೇ ಸುತ್ತು ಕತ್ತರಿಸಿದರೆ ಬಳೆ. ಪ್ರತಿ ಬಳೆಯನ್ನೂ ಅಕ್ಕಪಕ್ಕದ ನಾಲ್ಕಕ್ಕೆ ಪೋಣಿಸಿ ಬಾಯಿ ಮುಚ್ಚಬೇಕು. ಪೂರ್ತಿ ಅಂಗಿಗೆ ಇಪ್ಪತ್ತು ಸಾವಿರದ ಮೇಲೆ ಬಳೆ ಬೇಕು, ತೂಕ ಹತ್ತು ಕಿಲೋ ದಾಟುತ್ತದೆ. ಭಾರವೆಲ್ಲ ಹೆಗಲ ಮೇಲೆ ಬೀಳಬಾರದು ಅಂತ ಸೊಂಟಕ್ಕೆ ಬೆಲ್ಟ್ ಬಿಗಿಯುತ್ತಾರೆ. ಒಳಗೆ ಹತ್ತಿ ತುಂಬಿ ಹೊಲಿದ ದಪ್ಪ ಅಂಗಿ ಬೇರೆ. ಏಟು ತಡೆಯುವುದರಲ್ಲಿ ಅರ್ಧ ಕೆಲಸ ಅದರದ್ದು.

ಹಿನ್ನೆಲೆ ಹೀಗಿದೆ. ಇವರು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದರು. ಕಂಪನಿ ಸ್ವಲ್ಪ ಕಾಲ ಪೋಲೆಂಡಿಗೆ ಕಳಿಸಿತ್ತು. ಅಲ್ಲಿ ಗ್ರುನ್‌ವಾಲ್ಡ್ ಅನ್ನುವ ಹಳ್ಳಿ. 1410ರ ಜುಲೈ 15ರಂದು ಪೋಲೆಂಡ್ ಮತ್ತು ಲಿಥುವೇನಿಯಾದ ಸೈನ್ಯ ಟ್ಯುಟಾನಿಕ್ ನೈಟ್‌ಗಳನ್ನು, ಅಂದರೆ ಜರ್ಮನ್ ಕ್ರೈಸ್ತ ಯೋಧರ ಪಂಥದವರನ್ನು, ಸೋಲಿಸಿದ ಬಯಲು ಅಲ್ಲೇ ಇದೆ. ಈಗ ಜುಲೈನಲ್ಲಿ ಆ ಯುದ್ಧವನ್ನು ಮತ್ತೆ ಆಡಿ ತೋರಿಸುತ್ತಾರೆ. ಕವಚ ತೊಟ್ಟ ನೂರಾರು ಜನ, ಕುದುರೆ, ಗುಡಾರ, ಬಯಲ ತುಂಬ ನೋಡುವವರು. ಇದಕ್ಕೆ ಮಿಡೀವಲ್ ರೀಎನ್ಯಾಕ್ಟ್‌ಮೆಂಟ್ ಅನ್ನುತ್ತಾರೆ. ಬ್ಯಾಂಕಿನವರು, ಮೇಷ್ಟ್ರುಗಳು, ಬಡಗಿಗಳು ಶನಿವಾರ ಭಾನುವಾರ ಹಳೇ ಕಾಲದ ಉಡುಪು, ಅಡುಗೆ, ಹೊಲಿಗೆ, ಕತ್ತಿವರಸೆ ಕಲಿತು ಒಟ್ಟಿಗೆ ಸೇರುವ ಹವ್ಯಾಸ. ಇವರು ಒಂದು ಸಲ ನೋಡಿ ಮರುಳಾದರು. ಅಷ್ಟರಲ್ಲಿ ತಂದೆ ತೀರಿಕೊಂಡರು. ಕೆಲಸ ಬಿಟ್ಟು ತೋಟಕ್ಕೆ ಬಂದರು. ಆಸೆ ಮಾತ್ರ ಜೊತೆಗೇ ಬಂತು.

ಹುಚ್ಚಾ ಅನ್ನುವುದಕ್ಕೆ ಉತ್ತರ ಬೇಗ ಸಿಕ್ಕಿತು. ತಾನು ಯಾವುದೋ ರಾಜ ಅಥವಾ ಸೈನಿಕ ಅಂತ ಅವರು ನಂಬಿಲ್ಲ. ಕಿವಿಯಲ್ಲಿ ಯಾರೂ ಮಾತಾಡುತ್ತಿಲ್ಲ. ನಿದ್ದೆ ಕಮ್ಮಿಯಾಗಿದೆ ನಿಜ, ಆದರೆ ಬೆಳಿಗ್ಗೆ ಸುಸ್ತಾಗುತ್ತದೆ. ಬೆಳಗಾದರೆ ತೋಟಕ್ಕೆ ಇಳಿಯುತ್ತಾರೆ, ಲೆಕ್ಕ ಬರೆಯುತ್ತಾರೆ, ಮಗಳನ್ನು ಶಾಲೆಗೆ ಬಿಡುತ್ತಾರೆ. ದಿನಗಟ್ಟಲೆ ನಿದ್ದೆ ಇಲ್ಲದೆಯೂ ಆಯಾಸವೇ ಆಗದಿದ್ದರೆ, ಮಾತು ದಿಕ್ಕು ತಪ್ಪಿದ್ದರೆ, ಇಲ್ಲದ್ದನ್ನು ಇದೆ ಎಂದು ನಂಬಿದ್ದರೆ ನಾನೇ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ಅಂಥ ಅನುಮಾನ ಇರುವ ಮನೆಯವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇಲ್ಲಿ ಅದರ ಅಗತ್ಯ ಕಾಣಲಿಲ್ಲ.

ಹಾಗಾದರೆ ತೊಂದರೆ ಎಲ್ಲಿ? ನನಗೆ ಎರಡು ಕಡೆ ಕಂಡಿತು.

ಒಂದು, ದುಡ್ಡು. ಹೊರದೇಶದಿಂದ ಶಿರಸ್ತ್ರಾಣ ತರಿಸಿದ್ದರು. ಅದರ ಬೆಲೆ, ಅದರ ಮೇಲೆ ಕಸ್ಟಮ್ಸ್ ಸುಂಕ. ಎರಡಕ್ಕೂ ಹೋದದ್ದು ಮೆಣಸು ಮಾರಿದ ಹಣ. ಮೆಣಸು ಅಣ್ಣ ತಮ್ಮ ಇಬ್ಬರದ್ದು. ಅಣ್ಣನಿಗೆ ಹೇಳಿರಲಿಲ್ಲ. ಹೆಂಡತಿಗೆ “ಸ್ಪ್ರೇಯರ್ ರಿಪೇರಿ” ಅಂದಿದ್ದರು. ಕವಚಕ್ಕಿಂತ ಈ ಸುಳ್ಳೇ ಆಕೆಯನ್ನು ಜಾಸ್ತಿ ಹೆದರಿಸಿತ್ತು. ಹೇಳಿದರೆ ನಗುತ್ತಾರೆ ಅಂತ ಮುಚ್ಚಿಟ್ಟದ್ದಂತೆ. ಮುಚ್ಚಿಟ್ಟದ್ದಕ್ಕೇ ಎಲ್ಲರೂ ಇಲ್ಲದ್ದನ್ನು ಊಹಿಸಿಕೊಂಡರು.

ಎರಡನೆಯದು, ಒಂಟಿತನ. ನನ್ನ ಅಭಿಪ್ರಾಯದಲ್ಲಿ ಪ್ರಕರಣದ ತಿರುಳು ಇದೇ. ಈ ಹವ್ಯಾಸ ಒಬ್ಬರೇ ಮಾಡುವಂಥದ್ದಲ್ಲ. ಅಮೆರಿಕದಲ್ಲಿ ‘ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರಾನಿಸಂ’ ಅನ್ನುವ ಸಂಘವಿದೆ. 1966ರಲ್ಲಿ ಬರ್ಕ್ಲಿಯ ಒಂದು ಹಿತ್ತಲಿನಲ್ಲಿ ನಡೆದ ಪಾರ್ಟಿಯಿಂದ ಹುಟ್ಟಿದ್ದು. ಅಲ್ಲಿ ಕವಚ ಪರೀಕ್ಷೆ ಆಗದೆ ಕಣಕ್ಕೆ ಬಿಡುವುದಿಲ್ಲ. ಮೇಲ್ವಿಚಾರಕರು ಇರುತ್ತಾರೆ. ಯಾರಾದರೂ “ಹೋಲ್ಡ್” ಎಂದು ಕೂಗಿದರೆ ಎಲ್ಲರೂ ನಿಲ್ಲಬೇಕು. ಸಾಕು ಎನ್ನುವವರು, ನಗುವವರು, ತಿದ್ದುವವರು ಜೊತೆಗೇ ಇರುತ್ತಾರೆ. ಇವರಿಗೆ ಗೋಡೌನಿನಲ್ಲಿ ಯಾರಿದ್ದರು? ಮನೆಯವರಿಗೂ ಹೇಳಿದೆ. ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಿಂದ ನಡೆಯುತ್ತಿದೆ. ಅಜ್ಜಂದಿರೂ ಸ್ಟಿಕ್ ಹಿಡಿಯುತ್ತಾರೆ. ಯಾರೂ ಹುಚ್ಚು ಅನ್ನಲ್ಲ ಅಲ್ವಾ? ಅದೇ ಒಬ್ಬ ಮನುಷ್ಯ ಮಧ್ಯರಾತ್ರಿ ಗೋಡೌನಿನಲ್ಲಿ ಒಬ್ಬನೇ ಸ್ಟಿಕ್ ಬೀಸುತ್ತಿದ್ದರೆ ನೀವು ಹೆದರುತ್ತಿದ್ದಿರಿ.

ಅತ್ತೆ ಇದಕ್ಕೆ ನಕ್ಕರು. ಭಾವ ನಗಲಿಲ್ಲ.

ಸಲಹೆಗಳಲ್ಲಿ ಮೊದಲನೆಯದು ಲೆಕ್ಕ. ಮೆಣಸಿನ ಹಣವನ್ನು ಅಣ್ಣನಿಗೆ ಬಾಯಿಬಿಟ್ಟು ಹೇಳಬೇಕು, ಕಂತಿನಲ್ಲಿ ತೀರಿಸಬೇಕು. ಹವ್ಯಾಸಕ್ಕೆ ತಿಂಗಳಿಗೆ ಇಷ್ಟು ಅಂತ ಹೆಂಡತಿ ಜೊತೆ ಕೂತು ಗೊತ್ತು ಮಾಡಬೇಕು. ಬೇರೆ ಪುಸ್ತಕದಲ್ಲಿ ಬರೆದು ಆಕೆಗೆ ತೋರಿಸಬೇಕು. ಒಪ್ಪಿದರು.

ಎರಡನೆಯದು ಜಾಗ ಮತ್ತು ಹೊತ್ತು. ಕೆಲಸ ಗೋಡೌನಿನಿಂದ ಮನೆಯ ಜಗಲಿಗೆ ಬರಲಿ, ಸಂಜೆಯ ಹೊತ್ತು ನಡೆಯಲಿ, ಹತ್ತು ಗಂಟೆಗೆ ಎತ್ತಿಡಲಿ. ಜನವರಿಯಿಂದ ಮಾರ್ಚ್‌ವರೆಗೆ ಪೂರ್ತಿ ಬಂದ್. ರೊಬಸ್ಟಾ ಕೊಯ್ಲು, ಅದರ ಬೆನ್ನಿಗೇ ಮೆಣಸು. ಆಗ ಮನೆಯಲ್ಲಿ ಎಲ್ಲರೂ ಬೆನ್ನು ಬಗ್ಗಿಸಿರುವಾಗ ಒಬ್ಬರು ಬಳೆ ಪೋಣಿಸುತ್ತಾ ಕೂರುವುದು ಚೆನ್ನಾಗಿರಲ್ಲ.

ಮೂರನೆಯದು ಕತ್ತಿ. ಇದರಲ್ಲಿ ನಾನು ಸ್ವಲ್ಪ ಖಾರವಾಗಿಯೇ ಮಾತಾಡಿದೆ. ಹರಿತದ ಕತ್ತಿಯೊಂದನ್ನು ತರಿಸುವ ಯೋಚನೆ ಅವರಿಗಿತ್ತು. “ಕೊಡಗಿನಲ್ಲಿ ಆಯುಧಕ್ಕೆ ಯಾರು ಕೇಳ್ತಾರೆ ಮೇಡಂ?” ಅಂದರು. ಕೇಳುತ್ತಾರೆ. ಇಲ್ಲಿ ವಿನಾಯಿತಿ ಇರುವುದು ಬಂದೂಕಿನ ಲೈಸೆನ್ಸಿಗೆ, ಅದೂ ಕೊಡವರಿಗೆ ಮತ್ತು ಜಮ್ಮಾ (ಇಲ್ಲಿನ ವಂಶಪಾರಂಪರ್ಯ ಭೂಹಕ್ಕು) ಹಿಡುವಳಿದಾರರಿಗೆ. ಇವರು ಎರಡೂ ಅಲ್ಲ. ಮನೆಗೆಲಸ, ಕೃಷಿಗೆ ಬಳಸುವ ಕತ್ತಿ ಬೇರೆ ಮಾತು. ಅದು ಬಿಟ್ಟರೆ ಒಂಬತ್ತು ಇಂಚಿಗಿಂತ ಉದ್ದದ ಅಲಗಿರುವ ಹರಿತ ಆಯುಧಗಳು ಆಯುಧ ನಿಯಮಗಳ ಪಟ್ಟಿಯಲ್ಲಿವೆ. ಠಾಣೆಯಲ್ಲಿ ವಿಚಾರಿಸದೆ ಆರ್ಡರ್ ಮಾಡಬೇಡಿ ಎಂದೆ. ಮನೆಯಲ್ಲಿ ಪುಟ್ಟ ಮಗು ಬೇರೆ ಇದೆ. ಅಷ್ಟಕ್ಕೂ ಹರಿತದ ಕತ್ತಿ ಯಾಕೆ? ಆ ಅಮೆರಿಕದ ಸಂಘದವರು ಹೊಡೆದಾಡುವುದು ಬೆತ್ತದ ಕತ್ತಿಯಲ್ಲಿ. ಮರ ಸೀಳಿ ಚೂಪಾಗುತ್ತದೆ, ಬೆತ್ತ ಹಾಗಾಗಲ್ಲ, ನಾರು ನಾರಾಗಿ ಬಿಡುತ್ತದೆ. ಬೆತ್ತ ಏನು ಅಂತ ಕೊಡಗಿನವರಿಗೆ ಹೇಳಿಕೊಡಬೇಕಾ?

ಇನ್ನೊಂದು ವಿಷಯ ಹೆಂಡತಿಯಿಂದ ಗೊತ್ತಾಯಿತು. ತಂತಿ ಕಪ್ಪಾಗಿ ಕಾಣಲಿ ಅಂತ ಇವರು ಬಚ್ಚಲ ಒಲೆಯಲ್ಲಿ ಸುಡುತ್ತಿದ್ದರು. ಜಿಐ ತಂತಿಯ ಮೇಲೆ ಸತುವಿನ ಲೇಪ ಇರುತ್ತದೆ. ಅದನ್ನು ಸುಟ್ಟ ಹೊಗೆ ಕುಡಿದರೆ ಜ್ವರ, ಮೈಕೈ ನೋವು ಬರುತ್ತದೆ. ಅವತ್ತಿಗೇ ನಿಲ್ಲಿಸಿ ಎಂದೆ. ಸತುವು ಹೋದರೆ ನಮ್ಮ ಮಳೆಗಾಲಕ್ಕೆ ಅಂಗಿ ತುಕ್ಕು ಹಿಡಿಯುತ್ತದೆ ಅನ್ನುವುದು ಅವರಿಗೇ ಆಮೇಲೆ ಹೊಳೆಯಿತು.

ಭಾವನನ್ನೂ ಒಮ್ಮೆ ಕೂರಿಸಿ ಮಾತಾಡಿದೆ. ಅವರ ಸಿಟ್ಟು ಬೇರೆ ಥರದ್ದು. “ಯಾವನೋ ಪೋಲೆಂಡಿನವನ ವೇಷ ಇವನಿಗ್ಯಾಕೆ? ಪಕ್ಕದಲ್ಲೇ ಮುಳ್ಳೂರಿದೆ, ಕೊಂಗಾಳ್ವರ ಕಾಲದ ಬಸದಿ ಇದೆ. ನಮ್ಮಲ್ಲಿ ವೀರರು ಇರಲಿಲ್ವಾ?” ಮುಳ್ಳೂರಿನ ಬಸದಿಗಳು ಹನ್ನೊಂದನೇ ಶತಮಾನದವು. ಇವರು ಆಡಬಯಸುವ ಕಾಲಕ್ಕಿಂತಲೂ ಹಳೆಯವು. ಮಾತಿನಲ್ಲಿ ಹುರುಳಿದೆ. ಆದರೆ ನಾನು ಭಾವನ ಪರ ನಿಲ್ಲಲಿಲ್ಲ. ಒಬ್ಬರಿಗೆ ಇಷ್ಟವಾದದ್ದು ಊರಿನ ಹೆಮ್ಮೆಗೆ ಒದಗಬೇಕು ಅಂತ ಏನೂ ಇಲ್ಲ. ಕ್ರಿಕೆಟ್ ಆಡುವವರನ್ನು ಯಾರೂ ಹಾಗೆ ಕೇಳುವುದಿಲ್ಲ. ತಮ್ಮನ ಉತ್ತರ ನನಗೆ ಹಿಡಿಸಿತು: “ಅಣ್ಣ, ವೀರಗಲ್ಲುಗಳಲ್ಲಿ ಜಾಸ್ತಿ ಜನರ ಮೈಮೇಲೆ ಕವಚನೇ ಇಲ್ಲ. ಅವರ ಥರ ಆಡಿದ್ರೆ ನಾನು ಬರಿ ಮೈಯಲ್ಲಿ ನಿಲ್ಲಬೇಕು. ಅಮ್ಮ ಬಿಡ್ತಾರಾ?”

ಉಳಿದದ್ದು ಜೊತೆಗಾರರ ಪ್ರಶ್ನೆ. ಶನಿವಾರಸಂತೆಯಲ್ಲಿ ಇಂಥವರು ಸಿಗುವುದು ಕಷ್ಟ. ಬೆಂಗಳೂರಿನಲ್ಲಿ ಕತ್ತಿವರಸೆ ಕಲಿಯುವವರು ಯಾರಿದ್ದಾರೆ ಅಂತ ಹುಡುಕಿ, ಮಳೆಗಾಲದಲ್ಲಿ ತೋಟದ ಕೆಲಸ ಕಮ್ಮಿ ಇರುವಾಗ ಹೋಗಿ ಬನ್ನಿ ಎಂದೆ. ಹೆಂಡತಿಯೂ ಜೊತೆಗೆ ಹೋಗುವುದು ಒಳ್ಳೆಯದು, ಆಕೆಗೆ ಇಷ್ಟವಿದ್ದರೆ ಮಾತ್ರ. ಆಕೆ ಹೋಗಿ ನೋಡಿದರು. “ನನಗೆ ಈ ಆಟ ಬೇಡ ಮೇಡಂ. ಆದ್ರೆ ಅಲ್ಲಿ ಇವರನ್ನು ನೋಡಿದ್ರೆ ನಾರ್ಮಲ್ ಅನ್ಸುತ್ತೆ” ಅಂದರು. ಹೆಂಡತಿಗೆ ಗಂಡನ ಹವ್ಯಾಸ ಇಷ್ಟವಾಗಲೇಬೇಕು ಅಂತ ನಾನೂ ಒತ್ತಾಯ ಮಾಡಲಿಲ್ಲ.

ಈಗಿನ ಸ್ಥಿತಿ: ಮೆಣಸಿನ ಹಣ ಅರ್ಧ ತೀರಿದೆ. ಹತ್ತು ಗಂಟೆಯ ನಿಯಮ ಆಗಾಗ ಮುರಿಯುತ್ತದೆ, ಆಗ ಹೆಂಡತಿಯೇ ಪ್ಲೇಯರ್ ಎತ್ತಿಡುತ್ತಾರೆ. ಅತ್ತೆ ತಾಯತ ಬಿಚ್ಚಲು ಒಪ್ಪಿಲ್ಲ. ಇರಲಿ, ತೊಂದರೆ ಇಲ್ಲ ಎಂದಿದ್ದೇನೆ. ಭಾವ ಇನ್ನೂ ತಮ್ಮನ ಜೊತೆ ಬಿಗಿಯಾಗಿಯೇ ಇದ್ದಾರೆ. ಅದಕ್ಕೆ ಕಾರಣ ಕವಚ ಅಲ್ಲ, ತೋಟದ ಪಾಲಿನ ವಿಷಯ ಅಂತ ನನ್ನ ಅನುಮಾನ. ಅದನ್ನು ಮಾತಾಡಲು ಕೊಯ್ಲು ಮುಗಿದ ಮೇಲೆ ಅಣ್ಣ ತಮ್ಮ ಇಬ್ಬರನ್ನೂ ಬರಹೇಳಿದ್ದೇನೆ.